ಅಂಗಿಯ ಸಮಾಧಿ

ಶಾಜೌ,
ಕುದುರೆ ವರ್ಷ, ಎರಡನೇ ತಿಂಗಳ ಹುಣ್ಣಿಮೆ

ಮಗಧ ದೇಶದಲ್ಲಿರುವ ಭಿಕ್ಷು ಹುಯಿಲಾನ್ ಅವರ ಪಾದಗಳಿಗೆ ತಾಯಿಯ ನಮಸ್ಕಾರ.

ಆಯಿತಲ್ಲ? ಚೀವರ ಉಟ್ಟ ಮಗನಿಗೆ ತಾಯಿಯೇ ಬಗ್ಗಬೇಕು ಎಂದು ಬಾವೊಯಾನ್ ಗುರುಗಳು ಹೇಳಿದರು, ಬಗ್ಗಿದೆ. ಇನ್ನು ನೀನು, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ, ನನ್ನ ನಾಯಿಮರಿ. ತೆಪ್ಪಗೆ ಕೂತು ಬೈಸಿಕೋ. ಹತ್ತು ವರ್ಷವಾಯಿತಲ್ಲೋ, ಪಾಪಿ! ಬರೆದ ಪತ್ರಗಳೆಲ್ಲ ದಾರಿಯಲ್ಲಿ ಕಳೆದುಹೋಗಿರಬೇಕು ಎನ್ನುತ್ತೀಯ. ಇರಲಿ, ನಂಬುತ್ತೇನೆ. ನಿನ್ನ ಈ ಪತ್ರ ನನಗೆ ಶರತ್ಕಾಲದಲ್ಲೇ ತಲುಪಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದು ಹೇಳಬಹುದು, ಆದರೆ ಕಾರಣ ಅದಲ್ಲ. ಕುಂಚ ಹಿಡಿದಾಗಲೆಲ್ಲ ಅಳು ಬಂದು ಕಾಗದ ಹಾಳಾಗುತ್ತಿತ್ತು.

ಅಮ್ಮನಿಗೆ ಅಕ್ಷರ ಯಾವಾಗ ಬಂತು ಎಂದು ಆಶ್ಚರ್ಯವೇ? ನೀನು ಸತ್ತ ಮೇಲೆ ಕಲಿತೆ.

ಗಾಬರಿಯಾಗಬೇಡ, ಹೇಳುತ್ತೇನೆ. ನೀನು ಹೋದ ನಾಲ್ಕನೇ ವರ್ಷ ಪಶ್ಚಿಮದಿಂದ ಬಂದ ಯಾರೋ, ನಿಮ್ಮ ಯಾತ್ರೆಯ ತಂಡವೆಲ್ಲ ಹಿಮಪರ್ವತದಲ್ಲಿ ಹೂತುಹೋಯಿತು ಎಂದರು. ದೇಹ ಸಿಗದವರಿಗೆ ನಮ್ಮಲ್ಲಿ ಏನು ಮಾಡುತ್ತಾರೆ ಎಂಬುದು ನಿನಗೆ ಗೊತ್ತು. ಅಪ್ಪ ನಿನ್ನ ನೀಲಿ ಅಂಗಿ ಹಿಡಿದು ಮಾಳಿಗೆ ಹತ್ತಿದರು, ಉತ್ತರಕ್ಕೆ ತಿರುಗಿ ನಿನ್ನ ಆತ್ಮವನ್ನು ಕೂಗಿ ಕರೆದರು. ಕರೆದ ಆತ್ಮ ಅಂಗಿಯೊಳಗೆ ಬಂತೆಂದು ನಂಬಿ, ಊರಾಚೆಯ ದಿಣ್ಣೆಯಲ್ಲಿ ಅದನ್ನು ಮಣ್ಣು ಮಾಡಿದೆವು. ನಿನಗೆ ಒಳ್ಳೆಯ ಜನ್ಮ ಸಿಗಲಿ ಎಂದು ನಾನು ಗುರುಗಳ ಬಳಿ ಕೂತು ಸೂತ್ರ ನಕಲು ಮಾಡತೊಡಗಿದೆ. ಅಕ್ಷರ ಬಂದದ್ದು ಹಾಗೆ. ಅಷ್ಟೂ ಪುಣ್ಯ ಸತ್ತ ನಿನ್ನ ಹೆಸರಿಗೆ ಹೋಗಿದೆ. ಬದುಕಿರುವ ನಿನಗೆ ಅದು ಹೇಗೆ ಸಲ್ಲುತ್ತದೋ ಗುರುಗಳಿಗೂ ತಿಳಿದಿಲ್ಲವಂತೆ.

ಹೀಗಿರುವಾಗ ಸಮರ್ಕಂದದ ವ್ಯಾಪಾರಿ ಕಾಂಗ್ ಬಾಗಿಲಿಗೆ ಬಂದು, ನಿನ್ನ ಪತ್ರವನ್ನೂ ಬೋಧಿವೃಕ್ಷದ ಎಲೆಯನ್ನೂ ಕೈಗಿಟ್ಟ.

"ಅಮ್ಮಾ, ನಿಮ್ಮ ಮಗ ಕಳಿಸವ್ರೆ."

"ಯಾವ ಮಗನಪ್ಪಾ? ಇದ್ದವನೊಬ್ಬ, ದಿಣ್ಣೆ ಮೇಲೆ ಮಲಗವ್ನೆ."

"ಹಂಗಾದ್ರೆ ಮಗಧದ ಛತ್ರದಲ್ಲಿ ತಿಂಗಳುಗಟ್ಟಲೆ ನನ್ನ ಪಕ್ಕ ಮಲಗಿ ನಿದ್ದೇಲಿ ಕಟಕಟ ಹಲ್ಲು ಕಡೀತಿದ್ದೋರು ಯಾರು? ಅವರ ದೆಸೆಯಿಂದ ನಂಗೆ ನಿದ್ದೆ ಇಲ್ಲ!"

ಹಲ್ಲು ಕಡಿಯುವುದು ಎಂದೊಡನೆ ಅದು ನೀನೇ ಎಂದು ಗೊತ್ತಾಯಿತು, ಹೊಸ್ತಿಲ ಮೇಲೇ ಕೂತುಬಿಟ್ಟೆ. ಪಾಪ, ಅವನೇ ಒಳಗೆ ಹೋಗಿ ನೀರು ತಂದುಕೊಟ್ಟ. ನಕ್ಕೆನೋ ಅತ್ತೆನೋ ನನಗೇ ನೆನಪಿಲ್ಲ.

ಆಮೇಲೆ ಶುರುವಾಯಿತು ನೋಡು ರಗಳೆ. ಬುದ್ಧನ ನಾಡಿಗೆ ಹೊರಟು ಜೀವ ಬಿಟ್ಟವನು ಎಂದು ನಿನ್ನ ಸಮಾಧಿಗೆ ಊರೆಲ್ಲ ನಡೆದುಕೊಳ್ಳುತ್ತಿದೆ. ನಮ್ಮ ಹೆಂಗಸರ ಸಂಘದವರು ಅಲ್ಲೊಂದು ಪುಟ್ಟ ಗುಡಿ ಕಟ್ಟಿಸಿದ್ದಾರೆ. ದೂರದ ಊರುಗಳಿಂದಲೂ ಜನ ಬಂದು ದೀಪ ಹಚ್ಚುತ್ತಾರೆ. ನೀನು ಬದುಕಿದ್ದೀ ಎಂದ ಕೂಡಲೇ ಸಂಘದ ಯಜಮಾನಿ ಯಿನ್ ಓಡಿಬಂದಳು.

"ಅಕ್ಕಾ, ಇದೇನೇ ಇದು! ನನ್ನ ಸೊಸೆ ಬಸುರಿ ಆಗಿದ್ದೇ ಅಲ್ಲಿ ದೀಪ ಇಟ್ಟ ಮೇಲೆ. ನಿನ್ನ ಮಗ ಸತ್ತೇ ಇಲ್ಲ ಅಂದ್ರೆ ನನ್ನ ಮೊಮ್ಮಗನ ಗತಿ ಏನು?"

"ನಿನ್ನ ಮೊಮ್ಮಗನ್ನ ವಾಪಸ್ ಕೇಳೋಕೆ ಯಾರೂ ಬರಲ್ಲ, ಹೋಗೇ!"

ಮಾರನೆಯ ಬೆಳಗ್ಗೆ ಅದೇ ಯಿನ್ ಗುದ್ದಲಿ ಹಿಡಿದು ಬಂದು ನಿಂತಳು. "ಗುಡಿ ಹಾಳಾಗ್ಲಿ ಅಕ್ಕಾ, ನಡಿ ಅಗೆಯೋಣ. ಅಂಗಿ ಮಣ್ಣಲ್ಲಿರೋ ತನಕ ಹುಡುಗನ ಅರ್ಧ ಜೀವ ಅಲ್ಲೇ ಇರತ್ತೆ. ಮರಳುಗಾಡು ದಾಟೋವಾಗ ಬಿದ್ದುಗಿದ್ದುಬಿಟ್ರೆ? ಅವನು ಹೊರಡೋಕೆ ಮುಂಚೆ ತೆಗೆದುಬಿಡಬೇಕು."

ನನಗೂ ಆ ಭಯವಿದೆ, ಮಗೂ. ಗುರುಗಳನ್ನು ಕೇಳಿದೆ. "ಅಂಗಿಯಲ್ಲಿ ಆತ್ಮವೂ ಇಲ್ಲ, ಗೀತ್ಮವೂ ಇಲ್ಲ. ಬುದ್ಧ ಹಾಗೆಲ್ಲ ಹೇಳಿಲ್ಲ" ಎಂದು ಗದರಿದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, "ಆದರೂ ತೆಗೆದುಬಿಡೀಮ್ಮ" ಎಂದರು.

ನಾನಿನ್ನೂ ತೆಗೆದಿಲ್ಲ. ಐದು ತಿಂಗಳಿಂದ ಇಂದು ನಾಳೆ ಎನ್ನುತ್ತಿದ್ದೇನೆ. "ಮಗ ಬರೋದು ಬೇಡ್ವೇನೇ ನಿಂಗೆ?" ಎಂದು ಯಿನ್ ಬಾಯಿಬಿಟ್ಟೇ ಕೇಳಿದಳು. ಅವಳ ಮೇಲೆ ಸಿಟ್ಟು ಬಂತು, ಬಾಗಿಲು ಹಾಕಿಕೊಂಡೆ. ನೀನು ಬರುವುದು ನನಗೆ ಬೇಡವೇ? ಕುದುರೆ ವರ್ಷದ ಮಳೆಗಾಲ ಮುಗಿದ ಮೇಲೆ ಹೊರಡುತ್ತೇನೆ ಎಂದು ನೀನು ಬರೆದ ಆ ಒಂದು ಸಾಲನ್ನು ಓದಿ ಓದಿ ಕಾಗದ ಮಡಿಕೆಯಲ್ಲಿ ಹರಿದೇ ಹೋಗಿದೆ.

ಹುಷಾರಾಗಿ ಬಾ. ಒಬ್ಬನೇ ಹೊರಡಬೇಡ, ಒಂಟೆಗಳ ಗುಂಪು ಸಿಗುವ ತನಕ ಕಾಯಿ. ಭಿಕ್ಷು ಎಂದು ಮಧ್ಯಾಹ್ನ ಮೀರಿದ ಮೇಲೆ ಉಣ್ಣದೆ ಇರುತ್ತೀಯೇನೋ. ಬೆಟ್ಟ ಹತ್ತುವ ದಾರಿಯಲ್ಲಿ ಅದನ್ನೆಲ್ಲ ಬುದ್ಧ ನೋಡುವುದಿಲ್ಲ, ತಿನ್ನು. ನಿನ್ನ ನೀರಿನ ಚೀಲ ಎಲ್ಲಿಯೂ ಬತ್ತದಿರಲಿ. ನೀನು ನಿಂತ ಬಾಗಿಲಲ್ಲೆಲ್ಲ ಯಾರಾದರೊಬ್ಬ ತಾಯಿ ಎದ್ದು ಬಂದು ಬಿಸಿ ಗಂಜಿ ಬಡಿಸಲಿ. ನೂರು ವರ್ಷ ಬಾಳು, ಕಂದಾ.

ನಿನ್ನ ಅಮ್ಮ,
ಸುವೊ ಮನೆಯವಳು

ಮತ್ತೆ: ಕಾಗದ ಮಡಿಸಿಟ್ಟಿದ್ದೆ, ಪುನಃ ಬಿಚ್ಚಿದೆ. ಅಪ್ಪನ ಕೆಮ್ಮು ಹೇಗಿದೆ ಎಂದು ಕೇಳಿದ್ದೀಯ. ಅಪ್ಪ ಇಲ್ಲ, ಮಗೂ. ನಿನ್ನ ಅಂಗಿ ಮಣ್ಣು ಮಾಡಿದ ಮೇಲೆ ಒಂದು ಚಳಿಗಾಲವನ್ನೂ ಅವರು ಪೂರ್ತಿ ಕಾಣಲಿಲ್ಲ. "ನಂಗೆ ಬೇರೆ ಗುಂಡಿ ತೋಡ್ಬೇಡ ಕಣೇ, ಹುಡುಗ ಅಲ್ಲಿ ಒಬ್ಬನೇ ಅವ್ನೆ" ಎಂದರು. ಹಾಗೇ ಮಾಡಿದೆವು. ಗುಂಡಿ ಒಂದೇ ಎಂದು ಊರಿಗೆಲ್ಲ ಗೊತ್ತು. ಅಂಗಿ ಎಲ್ಲಿದೆ ಎಂದು ಗೊತ್ತಿರುವುದು ನನಗೊಬ್ಬಳಿಗೆ. ಗುಂಡಿ ಮತ್ತೆ ತೆರೆದಾಗ ಅದನ್ನು ಅವರ ಎದೆಯ ಮೇಲೆ ಇಟ್ಟು, ಅವರ ಎರಡೂ ತೋಳುಗಳನ್ನು ಅದರ ಸುತ್ತ ನಾನೇ ಮಡಿಸಿದ್ದೆ. ನಿನ್ನೆ ಗುದ್ದಲಿ ತೆಗೆದುಕೊಂಡು ಹೋಗಿ, ಹಾಗೇ ತಿರುಗಿ ಬಂದೆ. ಅವರ ಕೈಯಿಂದ ಮಗನನ್ನು ಇನ್ನೊಂದು ಸಲ ಕಿತ್ತುಕೊಳ್ಳಲು ನನ್ನಿಂದ ಆಗುವುದಿಲ್ಲ ಕಣೋ. ಆ ಅರ್ಧ ಜೀವ ಅಪ್ಪನ ಹತ್ತಿರವೇ ಇರಲಿ. ಉಳಿದರ್ಧ ಹಿಡಿದುಕೊಂಡು ನೀನು ನನ್ನ ಹತ್ತಿರ ಬಂದುಬಿಡು.