ನಾಲ್ಕೂ ಕಡೆ ಹೊಲಿದ ಹಾಡುಗಳು

ಗಂಟಲಣ್ಣನ ಸನ್ನಿಧಾನಕ್ಕೆ,

ಮೊದಲು ತಪ್ಪೊಪ್ಪಿಗೆ. ನಿಮ್ಮ ರಾಕ್ ಬ್ಯಾಂಡಿನ ಚೊಚ್ಚಲ ರೆಕಾರ್ಡು ಬಿಡುಗಡೆಯಾದ ದಿನ, ಮೇಜಿನ ಮೇಲಿದ್ದ ಒಂದು ಪ್ರತಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಬಿದ್ದ ಪಾಪಿ ನಾನೇ. ಹಾಡನ್ನು ಹಾಡುಹಗಲೇ ಕದ್ದೆ. ನೀನು ಶಿಕ್ಷೆ ಕೊಡಬೇಕಿಲ್ಲ, ಕೇಳಿದ್ದೇ ಶಿಕ್ಷೆಯಾಯಿತು.

ಯಾವ ಕಂಪನಿಯೂ ಬಾಗಿಲು ತೆರೆಯದಿದ್ದಾಗ ನೀವೇ ರೆಕಾರ್ಡು ಮಾಡಿಸಿ, ಲಿಮಿಟೆಡ್ ಎಡಿಷನ್ ಎಂದು ಸಾರಿದಿರಿ. ಸರಿಯೇ; ಪ್ರತಿಭೆಗೆ ಮಿತಿಯಿದ್ದ ಮೇಲೆ ಪ್ರತಿಗೂ ಇರಲಿ. ಕವರು ಮಾತ್ರ ಚೆನ್ನ. ನಿನ್ನ ಅಕ್ಕ ತನ್ನ ಟೈಲರ್ ಅಂಗಡಿಯಲ್ಲಿ ಮಿಕ್ಕ ಪ್ಯಾಂಟು ಬಟ್ಟೆಯಿಂದ ಒಂದೊಂದನ್ನೂ ಹೊಲಿದಳು. ರೆಕಾರ್ಡನ್ನು ಒಳಗಿಟ್ಟು, ದಿಂಬಿನ ಬಾಯಿ ಮುಚ್ಚಿದಂತೆ ನಾಲ್ಕೂ ಕಡೆ ಹೊಲಿದುಬಿಟ್ಟಳು. "ಮತ್ತೆ, ಧೂಳು ಹೋಗ್ಬಾರ್ದಲ್ವೇನ್ರೋ?" ಅಂದಳು. ಬಿಚ್ಚಿದರೆ ಬೆಲೆ ಹೋಗುತ್ತದೆಂದು ಕೊಂಡವರು ಯಾರೂ ಬಿಚ್ಚಿಲ್ಲ. ಎಲ್ಲರೂ ಹೊಗಳುತ್ತಿರುವುದು ಅದಕ್ಕೇ.

ನಾನೊಬ್ಬ ಹೊಲಿಗೆಗೆ ಬ್ಲೇಡು ಹಾಕಿದೆ.

ನನ್ನ ತಾಳ ತಪ್ಪಿತೆಂದು ನಿನ್ನ ತಾಳ್ಮೆ ತಪ್ಪಿದ ದಿನ ನೆನಪಿದೆಯೇ? "ನೀನು ಡ್ರಮ್ ಬಾರಿಸ್ತಿಲ್ಲ ಕಣೋ, ಬಸ್ ಹಿಡಿಯೋಕೆ ಓಡ್ತಿದೀಯ" ಅಂದೆ, ಎಲ್ಲರೆದುರು. ನನ್ನ ಸ್ಟೂಲಿನ ಮೇಲೆ ಒಬ್ಬ ದಂತವೈದ್ಯರನ್ನು ಕೂರಿಸಿ, ನಾನು ಬಾರಿಸಿದ್ದನ್ನೆಲ್ಲ ಅಳಿಸಿ, ಮತ್ತೆ ಅವರೇ ಬಾರಿಸುವಂತೆ ಮಾಡಿದೆ. ನನಗೆ ಬೇರೇನೂ ಬೇಡ. ಆ ಸ್ಟೂಲು ವಾಪಸ್ ಬೇಕು. ಅದಕ್ಕೇ ಈ ಪತ್ರ.

ನನ್ನ ಕಿವಿಯ ವಿಷಯ ನಿನಗೆ ಗೊತ್ತು. ಯಾರ ಕೈ ಎಂದು ಒಂದೇ ಪೆಟ್ಟಿಗೆ ಹೇಳಬಲ್ಲೆ. ಕೊನೆಯ ಹಾಡಿನಲ್ಲಂತೂ ಸಾಕ್ಷಾತ್ ದಂತವೈದ್ಯರೇ ಮೈದಳೆದಿದ್ದಾರೆ. ಮರಗಟ್ಟಿಸುವ ಸೂಜಿ ಚುಚ್ಚದೆಯೇ ದವಡೆಹಲ್ಲು ಕಿತ್ತ ಹಾಗಿದೆ. ಪಾತ್ರೆಗಳ ಕಪಾಟು ಮೆಟ್ಟಿಲ ಮೇಲಿಂದ ಉರುಳಿ, ಕೆಳಗೆ ತಲುಪಿದ ಮೇಲೂ ನಾಚಿಕೆಯಿಲ್ಲದೆ ಉರುಳುತ್ತಲೇ ಇದೆ. ನಿನ್ನ ದನಿ ಪಾಪ, ಹೆದರಿ ಗೋಡೆಗೆ ಒರಗಿ ನಿಂತಿದೆ. ಇದನ್ನೆಲ್ಲ ವಾರಪತ್ರಿಕೆಯ ನನ್ನ ಅಂಕಣದಲ್ಲಿ ಬರೆದಿದ್ದೇನೆ. "ಇವರು ಹಲ್ಲಿಗೆ ಕೈ ಹಾಕಲಿ, ಡ್ರಮ್ಮಿಗೆ ಬೇಡ" ಎಂಬುದು ಅದರ ಕೊನೆಯ ಸಾಲು. ಆಗಲೇ ಅಚ್ಚಾಗಿ ಅಂಗಡಿಗಳಲ್ಲಿ ನೇತಾಡುತ್ತಿದೆ.

ಇಷ್ಟು ಬರೆದು, ಅಂಗಿಗೆ ಗುಂಡಿ ಹಾಕಿಸಲು ಅಕ್ಕನ ಅಂಗಡಿಗೆ ಹೋಗಿದ್ದೆ. ಗುಂಡುಸೂಜಿ ಕಚ್ಚಿಕೊಂಡೇ ಅವಳು ಹೇಳಿದಳು: "ಆ ಕೊನೇ ಹಾಡಲ್ಲಿರೋ ಡ್ರಮ್ಮು ನಿಂದೇ ಕಣೋ, ಪೆದ್ದ. ಡಾಕ್ಟ್ರು ಅದನ್ನೂ ಮತ್ತೆ ಬಾರಿಸ್ತೀನಿ ಅಂದ್ರು. ನನ್ ತಮ್ಮ ಬಿಡ್ಲಿಲ್ಲ. ಚೆನ್ನಾಗಿಲ್ಲ, ಆದ್ರೂ ಅವನದ್ದೊಂದು ಇರ್ಲಿ ಅಂದ. ನೀನು ಬರೆದಿದ್ದನ್ನ ಡಾಕ್ಟ್ರು ಕತ್ತರಿಸಿ ಕ್ಲಿನಿಕ್ ಗೋಡೆಗೆ ಅಂಟಿಸ್ಕೊಂಡಿದಾರೆ. ಹಲ್ಲು ನೋವಿರೋರೂ ನಗ್ತಾರಂತೆ."

ಮನೆಗೆ ಬಂದು ಆ ಹಾಡನ್ನು ಮತ್ತೆ ಹಾಕಿದೆ. ನನ್ನದೇ ಕೈ ಎಂದು ತಿಳಿದು ಕೇಳಿದರೆ ಎಲ್ಲಾದರೂ ಸ್ವಲ್ಪ ಹಿತವೆನಿಸೀತೆಂದು ಕೊನೆಯವರೆಗೂ ಕಾದೆ.

ವಿಮರ್ಶೆಯ ಒಂದಕ್ಷರವನ್ನೂ ತಿದ್ದುವಂತಿಲ್ಲ. ಸ್ಟೂಲು ಡಾಕ್ಟರಿಗೇ ಇರಲಿ.

ನಿನ್ನ ದನಿ ಬಹುಕಾಲ ಕೆಡದಿರಲಿ ಎಂದು ಹಾರೈಸುವ,
ನಿನ್ನ ಹಳೆಯ ಡ್ರಮ್ಮರ್