ಮೂರನೆಯ ದಿನ ಉದುರುವ ಹುಳುಗಳು

ಹೊಲದ ಮನೆ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನಮ್ಮ ಹುಳದ ಟೀಚರಮ್ಮನಿಗೆ, ನಿನ್ನ ಅತ್ತೆಯ ಪ್ರೀತಿಯ ನೆನಪುಗಳು.

ಹೇಗಿದ್ದೀಯ ಮಗಳೇ? ಸೊಂಟದ ನೋವು ಇಳಿಯಿತೇ? ಊಟ ಸೇರುತ್ತಿದೆಯೇ, ಇಲ್ಲ ಆಸ್ಪತ್ರೆಯಿಂದ ಬಂದ ಮೇಲೆ ಇಲ್ಲಿ ಮಾಡುತ್ತಿದ್ದ ಹಾಗೆ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ ಕೂರುತ್ತೀಯಾ? ತಾಯಿಯ ಬಳಿ ಇದ್ದೀಯ, ಅವರು ನೋಡಿಕೊಳ್ಳುತ್ತಾರೆ, ಗೊತ್ತು. ಆದರೂ ಕೇಳದೆ ಇರಲಾಗುವುದಿಲ್ಲ. ನೀನು ಹೋಗಿ ನಾಳೆಗೆ ನಾಲ್ಕು ತಿಂಗಳು. ಅಷ್ಟರಲ್ಲಿ ಎಷ್ಟೋ ಸಲ ಈ ಕಾಗದ ಶುರು ಮಾಡಿ ಹರಿದುಹಾಕಿದ್ದೇನೆ. ಇವತ್ತು ಏನಾದರೂ ಆಗಲಿ, ಮುಗಿಸುತ್ತೇನೆ. ನನ್ನ ಮೊಣಕಾಲಿನ ವಿಷಯ ಕೇಳಬೇಡ, ಅದೂ ನನ್ನಷ್ಟೇ ಹಟಮಾರಿ.

ಮೊದಲು ಕೋಸಿನ ಸುದ್ದಿ ಹೇಳುತ್ತೇನೆ, ಅದು ಹೇಳಲು ಸುಲಭ. ಈ ಸಲವೂ ಆರು ಎಕರೆಗೂ ಕೋಸೇ. ಇಪ್ಪತ್ತೈದು ಸಾಲಿಗೆ ಒಂದು ಸಾಲು ಸಾಸಿವೆ, ನೀನು ಹೇಳಿದ ಹಾಗೆಯೇ. ಚಿಟ್ಟೆಗಳು ಹೆಚ್ಚಾಗಿ ಆ ಸಾಸಿವೆಗೇ ಹೋಗಿ ಮೊಟ್ಟೆ ಇಡುತ್ತಿವೆ. ಬೆಳಿಗ್ಗೆ ನಾನೇ ಎಲೆ ಮಗುಚಿ ನೋಡಿ, ಮೊಟ್ಟೆ ಕಂಡರೆ ಹೆಬ್ಬೆರಳಿನಿಂದ ಒರೆಸಿಹಾಕುತ್ತೇನೆ. ಹುಳು ಜಾಸ್ತಿಯಾದರೆ ಮಾತ್ರ ನೀನು ತಂದುಕೊಟ್ಟ ಆ ಹುಳದ ಪುಡಿ, ನೀರಿಗೆ ಕಲಸಿ. ಅದೂ ಹೊತ್ತು ಇಳಿದ ಮೇಲೆ, ಎಲೆಯ ಅಡಿಗೂ ತಾಗುವಂತೆ. ಬಿಸಿಲಿಗೆ ಅದರ ಸತ್ವ ಹೋಗುತ್ತದೆ ಎಂದು ನೀನು ನನ್ನ ತಲೆ ತಿಂದಿದ್ದೆಯಲ್ಲ. ಪಕ್ಕದ ಹೊಲದ ಟ್ರ್ಯಾಕ್ಟರಿನವನು ಬೇಲಿಯಾಚೆ ನಿಂತು, "ಏನಕ್ಕಾ, ಹುಳಕ್ಕೆ ಪೌಡರ್ ಹಾಕಿ ಮದುವೆಗೆ ಕಳಿಸ್ತಿದ್ದೀರಾ?" ಎಂದು ಹಲ್ಲು ಕಿರಿದ. ಹೋದ ವಾರ ಅವನೇ ಬಂದು, ಆ ಪೊಟ್ಟಣ ಎಲ್ಲಿ ಸಿಗುತ್ತದೆ ಎಂದು ತಲೆ ಕೆರೆದುಕೊಂಡು ಕೇಳಿದ. ನಿನಗೆ ಹೇಳಿ ನಗಬೇಕೆಂದುಕೊಂಡು ಒಳಗೆ ಬಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ನಲವತ್ತು ವರ್ಷ ಕೋಸು ಬೆಳೆದವಳು ನಾನು. ಮೂಗಿಗೆ ಖಾರವಾಗಿ ಹೊಡೆದರೆ ತಾನೇ ಅದು ಔಷಧಿ ಎಂದು ನಂಬಿದ್ದವಳು. ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ಪಾಠ ಹೇಳುವುದೇ ಎಂದು ಹೊಟ್ಟೆಯೊಳಗೆ ಉರಿಯುತ್ತಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ನೀನು ಮಾತ್ರ ಬೇಸರವಿಲ್ಲದೆ ಹೇಳುತ್ತಿದ್ದೆ: "ಇದು ಹುಳದ ಹೊಟ್ಟೆ ಕೆಡಿಸುತ್ತೆ ಅತ್ತೆ, ನಮ್ದಲ್ಲ. ತಿಂದ ದಿನಾನೇ ಅವು ಮೇಯೋದು ಬಿಡ್ತವೆ. ಉದುರೋದು ಮೂರನೇ ದಿನ. ಕಾಯ್ಬೇಕು ಅಷ್ಟೇ."

ನಿನ್ನ ಗಂಡ ಉಣ್ಣುತ್ತಾನೆ, ದುಡಿಯುತ್ತಾನೆ, ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ನೀನು ಹಳದಿ ಬಣ್ಣ ಬಳಿದ ಆ ಸಣ್ಣ ಕೋಣೆಯ ತುಂಬ ಖಾಲಿ ಕ್ರೇಟು ಪೇರಿಸಿದ್ದಾನೆ, ಗೋಡೆ ಕಾಣದ ಹಾಗೆ. ಆಸ್ಪತ್ರೆಯಲ್ಲಿ ಅವನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಏಳು ತಿಂಗಳಾಗಿದೆ, ಹೊಲಕ್ಕೆ ಇಳೀಬೇಡ ಅಂದ್ರೆ ಕೇಳಿದ್ಯಾ?" ನೀನು ತಲೆ ತಗ್ಗಿಸಿ, "ನಂದೇ ತಪ್ಪು" ಅಂದೆ. ಮಗುವನ್ನು ಕಳೆದುಕೊಂಡವಳು ಅದರ ಮೇಲೆ ಆ ತಪ್ಪನ್ನೂ ಹೊತ್ತುಕೊಂಡು ತಾಯಿಯ ಮನೆಗೆ ಹೋದೆ. ಯಾಕೆ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದು ವೈದ್ಯೆ ಹೇಳಿದ್ದನ್ನು ನೀವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಬೆಂಚಿನ ತುದಿಯಲ್ಲಿ ನಾನೂ ಕುಳಿತಿದ್ದೆ. ನಿನ್ನ ತಪ್ಪಲ್ಲ ಮಗಳೇ. ನಿನ್ನದು ಏನೇನೂ ತಪ್ಪಿಲ್ಲ. ಆ ಮಗುವನ್ನು ನೆನೆದು ನನ್ನ ಕರುಳು ಸುಡುತ್ತದೆ, ನಿನ್ನನ್ನು ನೆನೆದು ಇನ್ನೂ ಹೆಚ್ಚು.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ತಲೆ ಎತ್ತಿಕೊಂಡು ಇರು, ನನ್ನ ಆಯಸ್ಸೂ ನಿನಗೇ ಇರಲಿ.

ಇಂತಿ,
ನಿನ್ನ ಅತ್ತೆ

ವಿ. ಸೂ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ಬೆಳೆಗೆ ನೀನು ಮೊದಲ ಸಲ ಪುಡಿ ಹೊಡೆದ ಎರಡನೇ ದಿನ ಬೆಳಿಗ್ಗೆ ನಾನು ಹೋಗಿ ನೋಡಿದೆ. ಹುಳುಗಳು ಎಲೆಯ ಮೇಲೆ ಹಾಗೇ ಇದ್ದವು, ಒಂದೂ ಸತ್ತಿರಲಿಲ್ಲ. ಬೆಳೆಯೆಲ್ಲ ಹೋಯಿತು ಅನ್ನಿಸಿತು, ನನ್ನಿಂದ ಕಾಯಲಾಗಲಿಲ್ಲ. ಷೆಡ್ಡಿನಲ್ಲಿದ್ದ ಹಳೆಯ ವಿಷವನ್ನು ಪಂಪಿಗೆ ಸುರಿದು, ನೀನು ಏಳುವ ಮೊದಲೇ ಮನೆಯ ಹತ್ತಿರದ ಸಾಲುಗಳಿಗೆಲ್ಲ ಹೊಡೆದು ಬಂದೆ. ಮಾರನೇ ದಿನ ನೀನು ಹೊಲಕ್ಕೆ ಬಂದಾಗ ಹುಳುಗಳೆಲ್ಲ ಉದುರಿದ್ದವು. "ನೋಡಿದ್ರಾ ಅತ್ತೆ, ಮೂರೇ ದಿನ!" ಎಂದು ಕುಣಿದಾಡುತ್ತ ಬರಿಗೈಯಲ್ಲಿ ಎಲೆಗಳನ್ನೆಲ್ಲ ಮಗುಚಿ ತೋರಿಸಿದೆ. ನನಗೆ ನಂಬಿಕೆ ಬರಲೆಂದು ನೀನು ಒಂದು ಎಳೆಯ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದೆ. ಕೈಗೆಟುಕುವಷ್ಟು ದೂರದಲ್ಲಿ ನಾನು ನಿಂತಿದ್ದೆ. ಉಗಿ ಅನ್ನಲಿಲ್ಲ. ಅಂದರೆ ಸೊಸೆಯ ಮುಂದೆ ಕಳ್ಳಿಯಾಗುತ್ತೇನಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಎರಡು ದಿನ ಕಳೆದು ನಿನ್ನನ್ನು ಆಸ್ಪತ್ರೆಗೆ ಸೇರಿಸಿದೆವು. ಅದರಿಂದಲೇ ಆಯಿತೋ ಏನೋ ನನಗೆ ಗೊತ್ತಿಲ್ಲ. ವೈದ್ಯೆಗೂ ಗೊತ್ತಾಗಲಿಲ್ಲ, ಯಾಕೆಂದರೆ ಏನಾದರೂ ವಿಷ ತಾಗಿತ್ತೇ ಎಂದು ಅವರು ಕೇಳಿದಾಗಲೂ ನಾನು ಹೇಳಲಿಲ್ಲ. ಕ್ಷಮಿಸು ಅನ್ನುವ ಮುಖ ನನಗಿಲ್ಲ. ಈ ಕಾಗದವನ್ನು ಅಂಚೆಗೆ ಹಾಕಬೇಕಾದವನು ನಿನ್ನ ಗಂಡ. ಲಕೋಟೆ ಅಂಟಿಸದೆ ಅವನ ಕೈಗೆ ಕೊಟ್ಟು, "ಮೊದಲು ನೀನು ಓದು" ಅನ್ನುತ್ತೇನೆ. ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾನೆ, ಬಂದ.