ಒಂದು ಬೆರಳು ಆಚೆ

ಅಪ್ಪಾ,

ಊರವರ ಹಳೇ ರೇಡಿಯೋಗಳನ್ನೆಲ್ಲ ರಿಪೇರಿ ಮಾಡುವ ನಾನು, ನೀನು ಹೋದಮೇಲೆ ನಿನ್ನ ಟ್ರಾನ್ಸಿಸ್ಟರನ್ನು ಇವತ್ತೇ ಬಿಚ್ಚಿದ್ದು. ಸ್ಟೇಷನ್ ತೋರಿಸುವ ಮುಳ್ಳಿಗೆ ನೀನು ಅಮ್ಮನ ಹೊಲಿಗೆ ದಾರ ಕಟ್ಟಿದ್ದೆಯಲ್ಲ, ಅಂದಿನಿಂದ ಅದು ಸ್ಟೇಷನ್ನಿನ ಅಂಕಿಯಿಂದ ಒಂದು ಬೆರಳು ಆಚೆಗೇ ನಿಲ್ಲುತ್ತಿತ್ತು. ಹೊಸ ದಾರ ಹಾಕಿ ಸರಿ ಮಾಡಿದೆ.

ಅಮ್ಮ ಮುಳ್ಳನ್ನು ಎಂದಿನ ಜಾಗಕ್ಕೇ ತಂದಳು. ಬರೀ ಗೊರಗೊರ.

"ಹಾಡು ಎಲ್ಲಿಗೆ ಹೋಯ್ತೋ?"

"ಅಪ್ಪ ಕಟ್ಟಿದ್ದು ತಪ್ಪಿತ್ತಮ್ಮ. ಈಗ ಸರಿಯಾಗಿದೆ."

"ನಿನ್ನ ಸರಿ ನೀನೇ ಇಟ್ಕೋ," ಎಂದು ಒಳಗೆ ಹೋದಳು.

ಮತ್ತೆ ಬಿಚ್ಚಿ ನಿನ್ನ ದಾರವನ್ನೇ ಕಟ್ಟಿದೆ. ನಿನ್ನಂಥ ಗಂಟು ಬರಲಿಲ್ಲ. ಹೇಗೆ ಹಾಕುವುದೆಂದು ನೀನಿದ್ದಾಗ ಕೇಳಲೇ ಇಲ್ಲವಲ್ಲ. ಮುಳ್ಳು ಮಾತ್ರ ನೀನಿಟ್ಟಲ್ಲೇ ನಿಂತಿತು.

ಅಮ್ಮ ಬಂದು ತಿರುಗಿಸಿದಳು. ಹಾಡು ಬಂತು.

"ನೋಡು, ಎಲ್ಲೂ ಹೋಗಿಲ್ಲ," ಎಂದಳು.

ನಾನೂ ಹೂಂ ಎಂದೆ.